2,029 ಗೆಲುವು, ಒಂದೂ ಕಪ್ ಇಲ್ಲ: ಮೈಕ್ ಮಾರ್ಟಿನ್ ದೊಡ್ಡ ಕೋಚ್ ಹೇಗೆ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಹೈಸ್ಕೂಲಿನಲ್ಲಿ 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು. ಖೊಖೊ, ಕಬಡ್ಡಿ, ವಾಲಿಬಾಲ್ ತಂಡ ಕಟ್ಟಿದ್ದೇನೆ. ಮಗಳು-ಅಳಿಯ ಅಮೆರಿಕದಲ್ಲಿ ಅಟ್ಲಾಂಟಾ ಹತ್ತಿರ ಇದ್ದಾರೆ. ಮೊಮ್ಮಗ ಶಾಲಾ ತಂಡದಲ್ಲಿ ಬೇಸ್‌ಬಾಲ್ ಆಡುತ್ತಾನೆ, ಕಾಲೇಜಿಗೆ ಹೋದ ಮೇಲೂ ಆಡುವ ಆಸೆ. ಅವನ ಕೋಚ್ ಮಾತೆತ್ತಿದರೆ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಮೈಕ್ ಮಾರ್ಟಿನ್ ಎಂಬುವರ ಹೆಸರು ಹೇಳುತ್ತಾರಂತೆ. ವಿಚಾರಿಸಿದರೆ ಆ ಮನುಷ್ಯ 40 ವರ್ಷ ಕೋಚ್ ಆಗಿದ್ದೂ ಒಂದು ಸಲವೂ ರಾಷ್ಟ್ರೀಯ ಚಾಂಪಿಯನ್ ಆಗಿಲ್ಲ. ನಮ್ಮ ಕಡೆ ಜಿಲ್ಲಾ ಮಟ್ಟದಲ್ಲೇ ಸೋತು ಬಂದ ಮೇಷ್ಟ್ರನ್ನು ಯಾರೂ ನೆನೆಯುವುದಿಲ್ಲ. ಕಪ್ ಗೆಲ್ಲದವರು ದೊಡ್ಡ ಕೋಚ್ ಹೇಗಾಗುತ್ತಾರೆ?

ಉತ್ತರ: ಮೇಷ್ಟ್ರೇ, ನಮಸ್ಕಾರ.

ಇದೇ ಪ್ರಶ್ನೆಯನ್ನು ಮಾರ್ಟಿನ್ ಅವರೂ ವೃತ್ತಿಯುದ್ದಕ್ಕೂ ಕೇಳಿಸಿಕೊಂಡರು, ಹಾಗಾಗಿ ನೀವು ಕೇಳಿದ್ದರಲ್ಲಿ ತಪ್ಪೇನಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಕಾರಣಕ್ಕೆ ಆಮೇಲೆ ಬರೋಣ. ಅಮೆರಿಕದ ಕಾಲೇಜು ಬೇಸ್‌ಬಾಲ್ ಕಂಡ ನಾಲ್ಕೈದು ಅತಿ ದೊಡ್ಡ ಕೋಚ್‌ಗಳಲ್ಲಿ ಅವರೊಬ್ಬರು. ಕಪ್ ಬರಲಿಲ್ಲ ಎನ್ನುವುದು ನಿಜವಾದ ಕೊರತೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಒಂದು ಕೊರತೆಯನ್ನೇ ಅಳತೆಗೋಲು ಮಾಡಿಕೊಂಡರೆ ಅವರು ಮಾಡಿದ ಕೆಲಸ ಕಣ್ಣಿಗೇ ಬೀಳುವುದಿಲ್ಲ.

1980ರಿಂದ 2019ರವರೆಗೆ 40 ಸೀಸನ್. 2,029 ಗೆಲುವು, 736 ಸೋಲು, 4 ಟೈ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ, ಅದರ ಬೇಸ್‌ಬಾಲ್‌ನ ಮೊದಲ ದರ್ಜೆಯಲ್ಲಿ ಇಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರಿಲ್ಲ. ಆದರೆ ನಾನು ಬೆರಗಾಗುವುದು ಈ ದೊಡ್ಡ ಸಂಖ್ಯೆಗಲ್ಲ. ಬಹಳ ವರ್ಷ ಬದುಕಿ ಬಹಳ ವರ್ಷ ಕೆಲಸ ಮಾಡಿದರೆ ಮೊತ್ತ ಬೆಳೆಯುತ್ತದೆ. ಬೆರಗಾಗುವುದು ಬೇರೆ ಎರಡು ಲೆಕ್ಕಕ್ಕೆ. ಆ 40 ಸೀಸನ್‌ಗಳಲ್ಲಿ ಒಂದರಲ್ಲೂ ಅವರ ತಂಡ 40ಕ್ಕಿಂತ ಕಡಿಮೆ ಪಂದ್ಯ ಗೆಲ್ಲಲಿಲ್ಲ. ಆ 40 ಸೀಸನ್‌ಗಳಲ್ಲಿ ಒಂದರಲ್ಲೂ ರಾಷ್ಟ್ರೀಯ ಟೂರ್ನಿಯ ಪಟ್ಟಿಯಿಂದ ಹೊರಗುಳಿಯಲಿಲ್ಲ. ಒಂದೇ ಒಂದು ವರ್ಷವೂ ಬಿಡುವಿಲ್ಲ, ಜಾರಿಲ್ಲ.

ಇದರ ಬೆಲೆ ನಿಮಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗಲಾರದು. ಎಂಟನೇ ತರಗತಿಯಲ್ಲಿ ಕೈ ಹಿಡಿದು ಕಲಿಸಿದ ಹುಡುಗ ಹತ್ತನೇ ತರಗತಿಗೆ ಬಂದಾಗ ಪಳಗುತ್ತಾನೆ, ಮಾರ್ಚ್ ಬಂದರೆ ಎಸ್ಸೆಸ್ಸೆಲ್ಸಿ ಬರೆದು ಹೋಗಿಬಿಡುತ್ತಾನೆ. ಜೂನ್‌ನಲ್ಲಿ ಮತ್ತೆ ಅ ಆ ಇ ಈ. ಅಮೆರಿಕದ ಕಾಲೇಜು ಕೋಚ್‌ನ ಪಾಡೂ ಅದೇ. ಅಲ್ಲಿನ ಪದ್ಧತಿ ಹೀಗಿದೆ: ಹೈಸ್ಕೂಲ್ ಮುಗಿಸಿದ ಒಳ್ಳೆಯ ಆಟಗಾರನನ್ನು ವೃತ್ತಿಪರ ಕ್ಲಬ್‌ಗಳು ನೇರವಾಗಿ ಆರಿಸಿಕೊಳ್ಳಬಹುದು. ಅವನು ಆ ದುಡ್ಡು ಬೇಡವೆಂದು ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರನೇ ವರ್ಷ ಮುಗಿಯುವವರೆಗೆ, ಇಲ್ಲವೇ 21 ವರ್ಷ ತುಂಬುವವರೆಗೆ ಕ್ಲಬ್‌ಗಳು ಮತ್ತೆ ಕೈ ಹಾಕುವಂತಿಲ್ಲ. ಹಾಗಾಗಿ ಪ್ರತಿಭಾವಂತ ಹುಡುಗ ಕೋಚ್ ಹತ್ತಿರ ಇರುವುದು ಹೆಚ್ಚೆಂದರೆ ಮೂರು ವರ್ಷ. ಮೂರು ವರ್ಷಕ್ಕೊಮ್ಮೆ ತಂಡ ಬುಡಸಮೇತ ಬದಲಾಗುತ್ತದೆ ಎಂದಿಟ್ಟುಕೊಂಡರೆ ಮಾರ್ಟಿನ್ 40 ವರ್ಷದಲ್ಲಿ ಹದಿಮೂರು ಬೇರೆ ಬೇರೆ ತಂಡ ಕಟ್ಟಿದಂತೆ. ಹದಿಮೂರೂ ಒಂದೇ ಮಟ್ಟದಲ್ಲಿ ಆಡಿದವು.

ಅದೂ ಎಂಥ ಸಂಪನ್ಮೂಲದಲ್ಲಿ? ಅವರ ಕಾಲದ ಬಹುಭಾಗ ಕಾಲೇಜು ಬೇಸ್‌ಬಾಲ್ ತಂಡಕ್ಕೆ ಸಿಗುತ್ತಿದ್ದುದು 11.7 ಪೂರ್ಣ ಸ್ಕಾಲರ್‌ಶಿಪ್. ಹೌದು, ಹನ್ನೊಂದು ಮುಕ್ಕಾಲಿಗೂ ತುಸು ಕಡಿಮೆ. ಅದನ್ನು ಎರಡು ಡಜನ್‌ಗೂ ಮೇಲಿನ ಹುಡುಗರಿಗೆ ಹರಿದು ಹಂಚಬೇಕು. ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಕಾಲು, ಮತ್ತೊಬ್ಬನಿಗೆ ಏನೂ ಇಲ್ಲ. ಕ್ಲಬ್ಬಿನವರು ಚೆಕ್ ಹಿಡಿದು ನಿಂತಿರುವ ಹುಡುಗನ ಮನೆಗೆ ಹೋಗಿ, 'ಅದು ಬೇಡ, ಕಾಲು ಸ್ಕಾಲರ್‌ಶಿಪ್ ಕೊಡುತ್ತೇನೆ, ಬಾ' ಎಂದು ಅಪ್ಪ-ಅಮ್ಮನನ್ನು ಒಪ್ಪಿಸಬೇಕು. ಕಾಲೇಜು ಕೋಚ್‌ನ ಅರ್ಧ ಕೆಲಸ ನಡೆಯುವುದು ಮೈದಾನದಲ್ಲಲ್ಲ, ಇಂಥ ಮನೆಗಳ ಹಾಲ್‌ಗಳಲ್ಲಿ. (2025-26ರಿಂದ ಈ ನಿಯಮ ಬದಲಾಗಿದೆ. ಹೊಸ ಒಪ್ಪಂದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್‌ಗೆ ಮಿತಿ ಹೋಗಿ ತಂಡಕ್ಕೆ 34 ಆಟಗಾರರ ಮಿತಿ ಬಂದಿದೆ. ಮೊಮ್ಮಗನಿಗೆ ಬೇಕಾಗುವ ವಿಷಯ ಎಂದು ಹೇಳಿದೆ.)

ಅವರ ಹಿನ್ನೆಲೆ ತೀರಾ ಸಾಮಾನ್ಯ. ಹುಟ್ಟಿದ್ದು 1944ರಲ್ಲಿ, ನಾರ್ತ್ ಕ್ಯಾರೊಲೈನಾದ ಗ್ಯಾಸ್ಟೋನಿಯಾದಲ್ಲಿ. ಮೊದಲು ವಿಂಗೇಟ್ ಎಂಬ ಸಣ್ಣ ಕಾಲೇಜು, ಆಮೇಲೆ ಫ್ಲಾರಿಡಾ ರಾಜ್ಯದ ರಾಜಧಾನಿ ಟ್ಯಾಲಹಾಸಿಯಲ್ಲಿರುವ ಫ್ಲಾರಿಡಾ ಸ್ಟೇಟ್. ಅಲ್ಲಿ ಸೆಂಟರ್‌ಫೀಲ್ಡರ್ ಆಗಿ ಆಡಿ 1965ರಲ್ಲಿ ರಾಷ್ಟ್ರೀಯ ಅಂತಿಮ ಸುತ್ತಿಗೆ ಹೋದ ತಂಡದಲ್ಲಿದ್ದರು. ಕೆಲವು ವರ್ಷ ಮೆಟ್ಸ್ ಮತ್ತು ಟೈಗರ್ಸ್ ಕ್ಲಬ್‌ಗಳ ಕೆಳಹಂತದ ಲೀಗ್‌ಗಳಲ್ಲಿ ಆಡಿದರು, ಮೇಲಿನ ಲೀಗ್ ಮುಟ್ಟಲಿಲ್ಲ. ವಾಪಸ್ ಟ್ಯಾಲಹಾಸಿಗೆ ಬಂದು ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಕೋಚ್ ಆದರು. ಯಾವ ಆಟಕ್ಕೆ ಗೊತ್ತೇ? ಬಾಸ್ಕೆಟ್‌ಬಾಲ್‌ಗೆ. ಯಾವ ಆಟದ ತಂಡ ಕೊಟ್ಟರೂ ತೆಗೆದುಕೊಂಡು ಕಟ್ಟುವ ಜಾತಿ, ನಿಮ್ಮ ಹಾಗೆ.

1975ರಲ್ಲಿ ಫ್ಲಾರಿಡಾ ಸ್ಟೇಟ್ ಬೇಸ್‌ಬಾಲ್ ತಂಡಕ್ಕೆ ಸಹಾಯಕ ಕೋಚ್ ಆಗಿ ಬಂದರು. 1979ರಲ್ಲಿ ಮುಖ್ಯ ಕೋಚ್ ಆಗಿದ್ದವರು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ ಡಿಕ್ ಹೌಸರ್. ಹೌಸರ್ ಒಂದೇ ಸೀಸನ್ ಇದ್ದರು. ನ್ಯೂಯಾರ್ಕ್ ಯಾಂಕೀಸ್ ಕರೆಯಿತು, ಹೊರಟುಬಿಟ್ಟರು. ಖಾಲಿಯಾದ ಕುರ್ಚಿಯಲ್ಲಿ ಸಹಾಯಕ ಮಾರ್ಟಿನ್ ಅವರನ್ನು ಕೂರಿಸಿದರು. ಆ ಕುರ್ಚಿಯಿಂದ ಅವರು ಎದ್ದದ್ದು 40 ವರ್ಷದ ನಂತರ, ತಾವಾಗಿಯೇ. ಈಗಲೂ ಆ ಕ್ರೀಡಾಂಗಣಕ್ಕೆ ಹೌಸರ್ ಹೆಸರು. ಕ್ರೀಡಾಂಗಣದೊಳಗಿನ ಮೈದಾನಕ್ಕೆ 2005ರಲ್ಲಿ ಮಾರ್ಟಿನ್ ಹೆಸರಿಟ್ಟರು. ಅವರ ಜರ್ಸಿ ಸಂಖ್ಯೆ 11. ಊರಿನವರು ಅವರನ್ನು ಹೆಸರಿನ ಬದಲು 'ಇಲೆವೆನ್' ಎಂದೇ ಕರೆಯುತ್ತಿದ್ದರು.

ಅವರು ಹುಡುಗರಿಗೆ ಏನು ಕಲಿಸಿದರು ಎನ್ನುವುದಕ್ಕೆ ಒಂದೇ ಉದಾಹರಣೆ ಬಿಡಿಸಿ ಹೇಳುತ್ತೇನೆ, ನಿಮ್ಮ ಮೊಮ್ಮಗನ ರಾಜ್ಯದ ಹುಡುಗನೇ ಅವನು. ಜಾರ್ಜಿಯಾದ ಲೀಸ್‌ಬರ್ಗ್ ಎಂಬ ಊರಿನ ಬಸ್ಟರ್ ಪೋಸಿ. 2005ರಲ್ಲಿ ಹೈಸ್ಕೂಲ್ ಮುಗಿಸಿದಾಗ ಒಂದು ವೃತ್ತಿಪರ ಕ್ಲಬ್ ಅವನನ್ನು 50ನೇ ಸುತ್ತಿನಲ್ಲಿ, ಅಂದರೆ ಪಟ್ಟಿಯ ಬಾಲದಲ್ಲಿ ಆರಿಸಿತು. ಅವನು ಕಾಲೇಜಿಗೆ ಬಂದ. ಮೊದಲ ವರ್ಷ ಶಾರ್ಟ್‌ಸ್ಟಾಪ್ ಆಗಿ, ಅಂದರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್ ಆಗಿ, ಚೆನ್ನಾಗಿಯೇ ಆಡಿದ. ಚೆನ್ನಾಗಿ ಆಡುತ್ತಿರುವ ಹುಡುಗನ ಜಾಗವನ್ನು ಯಾರೂ ಮುಟ್ಟುವುದಿಲ್ಲ ಅಲ್ಲವೇ? ಇಲ್ಲಿ ಮುಟ್ಟಿದರು. ಮಾರ್ಟಿನ್ ಅವರ ಮಗ, ಮೈಕ್ ಮಾರ್ಟಿನ್ ಜೂನಿಯರ್, ಸ್ವತಃ ಕ್ಯಾಚರ್ ಆಗಿದ್ದವರು, ಅಪ್ಪನ ಸಹಾಯಕ ಕೋಚ್. 'ಈ ಹುಡುಗನನ್ನು ಕ್ಯಾಚರ್ ಮಾಡೋಣ' ಎನ್ನುವ ಸಲಹೆ ಅವರದು. ಕ್ಯಾಚರ್ ಎಂದರೆ ಬ್ಯಾಟರ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಪಿಚರ್ ಎಸೆದ ಪ್ರತಿ ಚೆಂಡನ್ನೂ ಹಿಡಿಯುವವನು. ಇಡೀ ಮೈದಾನ ಅವನ ಕಣ್ಣೆದುರು ಇರುತ್ತದೆ. ನಮ್ಮ ವಿಕೆಟ್‌ಕೀಪರ್‌ಗಿಂತ ಜವಾಬ್ದಾರಿ ಹೆಚ್ಚು, ಏಕೆಂದರೆ ಯಾವ ಚೆಂಡು ಎಸೆಯಬೇಕು ಎಂದು ಸನ್ನೆ ಮಾಡುವವನೂ ಅವನೇ. ಹೊಸದಾಗಿ ಕಲಿಯಲು ಮಂಡಿ, ಸೊಂಟ, ತಲೆ ಮೂರೂ ಸವೆಯುವ ಕೆಲಸ.

2007ರಲ್ಲಿ ಪೋಸಿ ಕ್ಯಾಚರ್ ಆದ. 2008ರಲ್ಲಿ 0.463 ಬ್ಯಾಟಿಂಗ್ ಸರಾಸರಿ (ನೂರು ಸಲ ಬ್ಯಾಟ್ ಹಿಡಿದರೆ 46 ಯಶಸ್ವಿ ಹೊಡೆತ), 26 ಹೋಮ್‌ರನ್ (ನಮ್ಮ ಸಿಕ್ಸರ್‌ನಂತೆ ಬೇಲಿ ದಾಟುವ ಹೊಡೆತ), ಅವನ ಬ್ಯಾಟಿನಿಂದ ತಂಡಕ್ಕೆ 93 ರನ್. ದೇಶದ ಅತ್ಯುತ್ತಮ ಹವ್ಯಾಸಿ ಆಟಗಾರನಿಗೆ ಕೊಡುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿ. ಆ ವರ್ಷ ಮೇ 12ರಂದು ಸವಾನಾ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ ಮಾರ್ಟಿನ್ ಅವನನ್ನು ಒಂಬತ್ತೂ ಸ್ಥಾನಗಳಲ್ಲಿ ಆಡಿಸಿದರು. ಒಂದೇ ಪಂದ್ಯ, ಒಂಬತ್ತು ಜಾಗ, ನಡುವೆ ಒಂದು ಗ್ರ್ಯಾಂಡ್‌ಸ್ಲ್ಯಾಮ್, ಅಂದರೆ ಮೂರು ಬೇಸ್‌ಗಳಲ್ಲೂ ಜನ ನಿಂತಿರುವಾಗ ಹೊಡೆದ ಹೋಮ್‌ರನ್. ಮೂರು ವರ್ಷದ ಹಿಂದೆ 50ನೇ ಸುತ್ತಿನವನಾಗಿದ್ದ ಹುಡುಗನನ್ನು ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಈ ಸಲ ಇಡೀ ದೇಶದಲ್ಲಿ ಐದನೆಯವನಾಗಿ ಆರಿಸಿತು. ಅವನಿದ್ದ ಜಯಂಟ್ಸ್ ತಂಡ 2010, 2012, 2014ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ವೃತ್ತಿಪರ ಬೇಸ್‌ಬಾಲ್‌ನ ಅಂತಿಮ ಸರಣಿ, ಗೆದ್ದಿತು. ಇವತ್ತು ಅದೇ ಕ್ಲಬ್‌ನ ಬೇಸ್‌ಬಾಲ್ ವ್ಯವಹಾರಗಳ ಅಧ್ಯಕ್ಷ ಅವನೇ. ಮಾರ್ಟಿನ್ ಕೈಯಿಂದ ಬಂದ ಇನ್ನೊಬ್ಬ ಕ್ಯಾಚರ್ ಕ್ಯಾಲ್ ರಾಲೀ, 2016ರಿಂದ 2018ರವರೆಗೆ ಅಲ್ಲಿದ್ದವನು, 2025ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಪರ 60 ಹೋಮ್‌ರನ್ ಹೊಡೆದ. ಕ್ಯಾಚರ್ ಒಬ್ಬ ಒಂದು ಸೀಸನ್‌ನಲ್ಲಿ ಅಷ್ಟು ಹೊಡೆದದ್ದು ಅದಕ್ಕೆ ಮುಂಚೆ ಇರಲಿಲ್ಲ. ಇನ್ನು ಜೆ.ಡಿ. ಡ್ರೂ, ಡಿಯಾನ್ ಸ್ಯಾಂಡರ್ಸ್ ಅಂಥವರ ಹೆಸರುಗಳನ್ನು ಹೇಳುತ್ತಾ ಹೋದರೆ ಪುಟ ಸಾಲದು.

ಈಗ ನಿಮ್ಮ ಪ್ರಶ್ನೆಯ ಮುಳ್ಳಿಗೆ ಬರುತ್ತೇನೆ. ಇಷ್ಟೆಲ್ಲ ಇದ್ದೂ ಕಪ್ ಯಾಕೆ ಬರಲಿಲ್ಲ?

ಕಾಲೇಜು ಬೇಸ್‌ಬಾಲ್‌ನ ಕೊನೆಯ ಘಟ್ಟ ನೆಬ್ರಾಸ್ಕಾ ರಾಜ್ಯದ ಓಮಾಹಾ ನಗರದಲ್ಲಿ ನಡೆಯುತ್ತದೆ. 1950ರಿಂದ ಅಲ್ಲೇ. ಅದಕ್ಕೆ ಕಾಲೇಜ್ ವರ್ಲ್ಡ್ ಸೀರೀಸ್ ಎನ್ನುತ್ತಾರೆ. 1999ರಿಂದ 64 ತಂಡಗಳು ಟೂರ್ನಿಯಲ್ಲಿ ಶುರುಮಾಡಿ, ಎರಡು ಸುತ್ತು ಕಳೆದು, ಎಂಟು ತಂಡ ಓಮಾಹಾ ಸೇರುತ್ತವೆ. ಆಟಗಾರರು ಫೈನಲ್ ಎನ್ನುವುದಿಲ್ಲ, 'ಓಮಾಹಾ' ಎನ್ನುತ್ತಾರೆ. ಆ ಊರಿನ ಹೆಸರೇ ಕನಸಿನ ಹೆಸರು. ಮಾರ್ಟಿನ್ ಅಲ್ಲಿಗೆ 17 ಸಲ ತಂಡ ಕರೆದುಕೊಂಡು ಹೋದರು.

ಅಲ್ಲಿ ಎರಡು ಸೋಲಿನ ನಿಯಮ. ಒಂದು ಸೋತರೆ ಉಸಿರು ಉಳಿದಿರುತ್ತದೆ, ಎರಡನೆಯದು ಸೋತರೆ ಬಸ್ಸು ಹತ್ತಬೇಕು. ಕೇಳಲು ಉದಾರವಾದ ನಿಯಮ. ಆದರೆ ಪಿಚರ್‌ನ ತೋಳು ಇದರಲ್ಲಿ ಸಿಕ್ಕಿಹಾಕಿಕೊಂಡಿದೆ. ಒಳ್ಳೆಯ ಪಿಚರ್ ಒಂದು ಪಂದ್ಯದಲ್ಲಿ ನೂರರ ಆಸುಪಾಸು ಚೆಂಡು ಎಸೆದರೆ ಆರೇಳು ದಿನ ವಿಶ್ರಾಂತಿ ಬೇಕು. ಕಾಲೇಜು ಸೀಸನ್‌ನಲ್ಲಿ ಪ್ರಮುಖ ಪಂದ್ಯಗಳು ಶುಕ್ರವಾರ, ಶನಿವಾರ, ಭಾನುವಾರ ನಡೆಯುವುದರಿಂದ ಮೂವರು ಒಳ್ಳೆಯ ಪಿಚರ್‌ಗಳಿದ್ದರೆ ಸಂಸಾರ ಸಾಗುತ್ತದೆ. ಓಮಾಹಾದಲ್ಲಿ ಮೊದಲ ಎರಡು ಪಂದ್ಯ ಗೆದ್ದ ತಂಡ ತನ್ನ ನಾಲ್ಕು ತಂಡಗಳ ಗುಂಪಿನಿಂದ ಹೊರಬರಲು ಇನ್ನೊಂದು ಗೆಲುವು ಸಾಕು, ಒಟ್ಟು ಮೂರು. ಮೊದಲ ಪಂದ್ಯ ಸೋತ ತಂಡ ಸತತ ನಾಲ್ಕು ಗೆಲ್ಲಬೇಕು, ಅದೂ ಬೇಗ ಬೇಗ, ದಣಿದ ತೋಳುಗಳ ಮೇಲೆ. ಮೊದಲ ದಿನ ನಿಮ್ಮ ಶ್ರೇಷ್ಠ ಪಿಚರ್‌ಗೆ ಮೈ ಸರಿ ಇರಲಿಲ್ಲವೋ, ಗಾಳಿ ಒಳಮುಖ ಬೀಸಿತೋ, ಇಡೀ ವರ್ಷದ ದುಡಿಮೆ ಓರೆಯಾಗುತ್ತದೆ.

ಬೇಸ್‌ಬಾಲ್ ಸ್ವಭಾವವೇ ಹಾಗೆ. ವೃತ್ತಿಪರ ಲೀಗ್‌ನಲ್ಲಿ 162 ಪಂದ್ಯಕ್ಕೆ 100 ಗೆದ್ದ ತಂಡವನ್ನು ಅದ್ಭುತ ಎನ್ನುತ್ತಾರೆ. ಅದ್ಭುತ ತಂಡವೂ ಐದು ಪಂದ್ಯಕ್ಕೆ ಎರಡು ಸೋಲುತ್ತದೆ. ಕಬಡ್ಡಿಯಲ್ಲಿ ಬಲವಾದ ತಂಡ ದುರ್ಬಲ ತಂಡವನ್ನು ಹತ್ತಕ್ಕೆ ಒಂಬತ್ತು ಸಲ ಮಲಗಿಸುತ್ತದೆ. ಇಲ್ಲಿ ಹಾಗಲ್ಲ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಓಮಾಹಾದ ಎಂಟೂ ತಂಡಗಳಿಗೆ ಸಮಾನ ಅವಕಾಶ ಎಂದಿಟ್ಟುಕೊಂಡರೆ, 17 ಸಲ ಹೋದವರು 17 ಸಲವೂ ಬರಿಗೈಯಲ್ಲಿ ಬರುವ ಸಾಧ್ಯತೆ ನೂರಕ್ಕೆ ಸುಮಾರು 10. ಕಡಿಮೆಯೇ, ಆದರೆ ಪವಾಡವಲ್ಲ. ಹತ್ತು ಮಂದಿ ಮಾರ್ಟಿನ್‌ಗಳಿದ್ದಿದ್ದರೆ ಒಬ್ಬರಿಗೆ ಹೀಗಾಗುತ್ತಿತ್ತು. ಇದ್ದವರು ಒಬ್ಬರೇ, ಆ ಒಬ್ಬರಿಗೇ ಆಯಿತು.

ಪೂರ್ತಿ ಅದೃಷ್ಟದ ಮೇಲೆ ಹಾಕಿದರೆ ಅದೂ ಪ್ರಾಮಾಣಿಕ ಉತ್ತರವಲ್ಲ. ನನ್ನ ಸ್ವಂತ ತೀರ್ಮಾನ ಇದು, ಒಪ್ಪದವರೂ ಇದ್ದಾರೆ. ಮಾರ್ಟಿನ್ ತಂಡಗಳ ಶಕ್ತಿ ಬ್ಯಾಟರ್‌ಗಳ ತಾಳ್ಮೆಯಲ್ಲಿತ್ತು. ಕೆಟ್ಟ ಚೆಂಡಿಗೆ ಬ್ಯಾಟ್ ಬೀಸಬೇಡ, ಬಿಟ್ಟುಬಿಡು. ಪಿಚರ್ ನಾಲ್ಕು ಚೆಂಡು ಹೊರಗೆ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ, ಅದಕ್ಕೆ ವಾಕ್ ಎನ್ನುತ್ತಾರೆ. ಫ್ಲಾರಿಡಾ ಸ್ಟೇಟ್ ಹುಡುಗರು ಈ ವಾಕ್‌ಗಳನ್ನು ಕಾಳು ಕಾಳಾಗಿ ಕೂಡಿಡುತ್ತಿದ್ದರು, ಎದುರಿನ ಪಿಚರ್‌ನನ್ನು ಬಳಲಿಸುತ್ತಿದ್ದರು, ಅವನು ಹೋಗಿ ಎರಡನೇ ದರ್ಜೆಯವನು ಬಂದ ಮೇಲೆ ಸುಗ್ಗಿ ಮಾಡುತ್ತಿದ್ದರು. ಫೆಬ್ರವರಿಯಿಂದ ಮೇವರೆಗಿನ ಅರವತ್ತು ಪಂದ್ಯಗಳ ಓಟಕ್ಕೆ ಇದಕ್ಕಿಂತ ಒಳ್ಳೆಯ ಕೃಷಿ ಇಲ್ಲ. ವರ್ಷಕ್ಕೆ 40 ಗೆಲುವು ತಪ್ಪದೇ ಬಂದದ್ದು ಇದರಿಂದಲೇ. ಆದರೆ ಓಮಾಹಾದಲ್ಲಿ ಎದುರು ನಿಲ್ಲುವವನು ದೇಶದ ಅತ್ಯುತ್ತಮ ಎಂಟು ತಂಡಗಳ ಅತ್ಯುತ್ತಮ ಪಿಚರ್. ಅವನು ಕೆಟ್ಟ ಚೆಂಡು ಹಾಕುವುದೇ ಅಪರೂಪ. ಕಾಯುವ ಬ್ಯಾಟರ್ ಕಾಯುತ್ತಲೇ ಔಟಾಗುತ್ತಾನೆ. ತಾಳ್ಮೆ ಅಲ್ಲಿ ಕೈಕೊಟ್ಟಿತು ಎಂದು ನನಗೆ ಅನಿಸುತ್ತದೆ.

ಹತ್ತಿರ ಬಂದ ದಿನಗಳು ಇಲ್ಲದಿಲ್ಲ. 1986ರಲ್ಲಿ ಕೊನೆಯ ಪಂದ್ಯಕ್ಕೆ ಬಂದು ಅರಿಝೋನಾ ಕೈಯಲ್ಲಿ 10-2ರಿಂದ ಸೋತರು, ಅದು ಏಕಪಕ್ಷೀಯ. 1999ರದು ಹಾಗಲ್ಲ. ಫೈನಲ್‌ನಲ್ಲಿ ಎದುರಿಗಿದ್ದುದು ಅದೇ ರಾಜ್ಯದ ಬದ್ಧ ಎದುರಾಳಿ ಮಯಾಮಿ. 6-5. ಒಂದು ರನ್. 2002ರಲ್ಲಿ ಸತತ 25 ಪಂದ್ಯ ಗೆದ್ದುಕೊಂಡು, ದೇಶದ ಮೊದಲ ಶ್ರೇಯಾಂಕದಲ್ಲಿ, ಸ್ವಂತ ಮೈದಾನದಲ್ಲಿ ನೋಟ್ರ ಡೇಮ್ ತಂಡವನ್ನು ಎದುರಿಸಿ ಓಮಾಹಾಗೇ ಹೋಗದೆ ಉಳಿದರು. ಪೋಸಿ ಉತ್ತುಂಗದಲ್ಲಿದ್ದ 2008ರಲ್ಲಿ ಓಮಾಹಾ ತಲುಪಿದರು. ಮೊದಲ ಪಂದ್ಯ ಸ್ಟ್ಯಾನ್‌ಫರ್ಡ್ ವಿರುದ್ಧ. ಬೇಸ್‌ಬಾಲ್‌ನಲ್ಲಿ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್; ಕೊನೆಯ ಇನ್ನಿಂಗ್ಸ್ ಒಂದರಲ್ಲೇ ಎದುರಾಳಿ 11 ರನ್ ಬಾರಿಸಿ 16-5 ಮಾಡಿಬಿಟ್ಟಿತು. ಎರಡನೆಯದು ಮತ್ತೆ ಮಯಾಮಿ, 7-5. ಎರಡೇ ಪಂದ್ಯ, ಮನೆಗೆ. ಒಬ್ಬ ಕೋಚ್‌ನ ಎದೆಯಲ್ಲಿ ಇಂಥವು ಎಷ್ಟು ಕೂತಿರಬೇಕು ಎಂದು ಯೋಚಿಸಿದರೆ ನನಗೇ ಹೊಟ್ಟೆ ಹಿಂಡುತ್ತದೆ.

ಕಪ್‌ಗಳ ಲೆಕ್ಕವೇ ಬೇಕೆನ್ನುವವರು ರಾಡ್ ಡೀಡೋ ಅವರ ಹೆಸರು ತೆಗೆಯುತ್ತಾರೆ, ನೀವೂ ಕೇಳುವಿರಿ. ಲಾಸ್ ಏಂಜಲೀಸ್‌ನ ಯುಎಸ್‌ಸಿ ವಿಶ್ವವಿದ್ಯಾಲಯದಲ್ಲಿ 1942ರಿಂದ 1986ರವರೆಗೆ ಕೋಚ್. 11 ರಾಷ್ಟ್ರೀಯ ಚಾಂಪಿಯನ್‌ಶಿಪ್. 1970ರಿಂದ 1974ರವರೆಗೆ ಸತತ ಐದು. ಸಂಬಳ ವರ್ಷಕ್ಕೆ ಒಂದು ಡಾಲರ್! ಹೊಟ್ಟೆಪಾಡಿಗೆ ಅವರದೇ ಲಾರಿ ಸಾಗಣೆ ಕಂಪನಿ ಇತ್ತು, ಕೋಚಿಂಗ್ ಅವರಿಗೆ ಪ್ರೀತಿಯ ಕೆಲಸ. ಟಾಮ್ ಸೀವರ್, ಮಾರ್ಕ್ ಮೆಗ್ವಾಯರ್, ರ‍್ಯಾಂಡಿ ಜಾನ್ಸನ್ ಎಲ್ಲ ಅವರ ಹುಡುಗರು. 1973ರ ಸೆಮಿಫೈನಲ್‌ನಲ್ಲಿ ಮಿನೆಸೋಟಾ ಪರ ಡೇವ್ ವಿನ್‌ಫೀಲ್ಡ್ ಎಂಬ ದೈತ್ಯ ಪಿಚರ್ ಕೊನೆಯ ಇನ್ನಿಂಗ್ಸ್‌ವರೆಗೆ ಡೀಡೋ ತಂಡವನ್ನು ಸೊನ್ನೆಗೆ ಕಟ್ಟಿಹಾಕಿದ್ದ. 7-0. ಕೊನೆಯ ಇನ್ನಿಂಗ್ಸ್‌ನಲ್ಲಿ ಯುಎಸ್‌ಸಿ ಎಂಟು ರನ್ ಹೊಡೆದು 8-7ಕ್ಕೆ ಗೆದ್ದಿತು, ಮುಂದೆ ಕಪ್ಪನ್ನೂ ಗೆದ್ದಿತು. ಸತತ ಐದರಲ್ಲಿ ಮೊದಲನೆಯದು, 1970ರದು, ಯಾರ ವಿರುದ್ಧ ಗೊತ್ತೇ? ಫ್ಲಾರಿಡಾ ಸ್ಟೇಟ್ ವಿರುದ್ಧ, 15 ಇನ್ನಿಂಗ್ಸ್ ಆಡಿ 2-1. ಮಾರ್ಟಿನ್ ಆಗಿನ್ನೂ ಅಲ್ಲಿ ಕೋಚ್ ಆಗಿರಲಿಲ್ಲ.

ಡೀಡೋ ಮಹಾನ್ ಕೋಚ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಡೀಡೋ 1978ರ ಕಪ್ ಗೆದ್ದ ಮೇಲೆ ಇನ್ನೂ ಎಂಟು ಸೀಸನ್ ಕೋಚ್ ಆಗಿದ್ದರು, ಆ ಎಂಟರಲ್ಲಿ ಒಮ್ಮೆಯೂ ಓಮಾಹಾ ಮುಟ್ಟಲಿಲ್ಲ. ಬೇರೆ ಕಾಲೇಜುಗಳು ಬೇಸ್‌ಬಾಲ್‌ಗೆ ದುಡ್ಡು ಹಾಕತೊಡಗಿದ್ದವು, ಸ್ಕಾಲರ್‌ಶಿಪ್‌ಗೆ ಮಿತಿ ಬಂದಿತ್ತು, ಒಳ್ಳೆಯ ಹುಡುಗರು ಎಲ್ಲ ಕಡೆ ಹಂಚಿಹೋಗುತ್ತಿದ್ದರು. ಮಾರ್ಟಿನ್ ಶುರುಮಾಡಿದ್ದೇ ಆ ಕಾಲದಲ್ಲಿ. ಡೀಡೋ ಅವರ ಸುಗ್ಗಿ ಮುಗಿದಲ್ಲಿಂದ ಇವರ ಬೇಸಾಯ ಶುರು.

ಅವರ ದಾಖಲೆಗೆ ಮುಂಚೆ ಹೆಚ್ಚು ಗೆಲುವಿನ ದಾಖಲೆ ಇದ್ದದ್ದು ಆಗೀ ಗರೀಡೊ ಅವರ ಹೆಸರಿನಲ್ಲಿ: 1,975 ಗೆಲುವು, ಎರಡು ಕಾಲೇಜುಗಳಿಗೆ ಒಟ್ಟು ಐದು ಕಪ್. ಗರೀಡೊ 2018ರ ಮಾರ್ಚ್ 15ರಂದು ತೀರಿಕೊಂಡರು. ಏಳು ವಾರದ ನಂತರ, ಮೇ 5ರಂದು, ಮಾರ್ಟಿನ್ ಆ ಸಂಖ್ಯೆ ದಾಟಿದರು. ಮುಂದಿನ ವರ್ಷ, 40ನೆಯದು, ತಮ್ಮ ಕೊನೆಯ ಸೀಸನ್ ಎಂದು ಘೋಷಿಸಿದರು.

ಆ 2019 ನನಗೆ ಮರೆಯಲಾಗದ ವರ್ಷ. ಮಾರ್ಚ್ 9ರಂದು 2,000ನೇ ಗೆಲುವು ಬಂತು, ಸಂಭ್ರಮವೂ ಆಯಿತು. ಆದರೆ ತಂಡ ಅಷ್ಟಕ್ಕಷ್ಟೇ. ಸೀಸನ್ ಮುಗಿದಾಗ 36 ಗೆಲುವು, 21 ಸೋಲು. ಟೂರ್ನಿಗೆ ಆಯ್ಕೆಯಾಗುವುದೇ ಅನುಮಾನ. 39 ವರ್ಷ ತಪ್ಪದ ಎರಡೂ ನೇಮ, ಟೂರ್ನಿ ಮತ್ತು 40 ಗೆಲುವು, ಕೊನೆಯ ವರ್ಷವೇ ಮುರಿದುಬೀಳುವ ಹಾಗಿತ್ತು. ಆಯ್ಕೆ ಸಮಿತಿ ಕಟ್ಟಕಡೆಯಲ್ಲಿ ಸೇರಿಸಿದ ನಾಲ್ಕು ತಂಡಗಳಲ್ಲಿ ಒಂದಾಗಿ ಒಳಗೆ ಬಂದರು. ಕಳಿಸಿದ್ದು ನಿಮ್ಮ ಮೊಮ್ಮಗನ ಕಡೆಗೇ, ಜಾರ್ಜಿಯಾದ ಅಥೆನ್ಸ್‌ಗೆ. ಅಲ್ಲಿ ಮೂರಕ್ಕೆ ಮೂರು ಗೆದ್ದರು. ಮುಂದೆ ಬೇಟನ್ ರೂಜ್‌ನಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ (ಎಲ್‌ಎಸ್‌ಯು), ಅದರದೇ ಜನಸಾಗರದ ನಡುವೆ. ಮೊದಲ ಪಂದ್ಯ ಗೆದ್ದಾಗ ಗೆಲುವಿನ ಸಂಖ್ಯೆ 40 ಆಯಿತು. ಎರಡನೆಯದನ್ನು 12 ಇನ್ನಿಂಗ್ಸ್ ಎಳೆದಾಡಿ ಗೆದ್ದಾಗ 17ನೇ ಓಮಾಹಾ. ಆ ರಾತ್ರಿ ಟಿವಿ ಮುಂದೆ ಕೂತಿದ್ದ ನಾನು ಎದ್ದು ನಿಂತುಬಿಟ್ಟಿದ್ದೆ.

ಓಮಾಹಾದಲ್ಲಿ ಮೊದಲ ಪಂದ್ಯ ಅರ್ಕನ್ಸಾ ವಿರುದ್ಧ 1-0. ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಸಲವಾದರೂ. ಆಮೇಲೆ ಮಿಶಿಗನ್ ಕೈಯಲ್ಲಿ 0-2, ಟೆಕ್ಸಸ್ ಟೆಕ್ ಕೈಯಲ್ಲಿ 1-4. ನಾನು ಹೇಳಿದ ತಾಳ್ಮೆಯ ಕಥೆಯೇ: ಕೊನೆಯ ಎರಡು ಪಂದ್ಯ ಸೇರಿಸಿ ಒಂದು ರನ್. 42 ಗೆಲುವು, 23 ಸೋಲಿಗೆ ಸೀಸನ್ ಮುಗಿಯಿತು, ಕೋಚಿಂಗೂ ಮುಗಿಯಿತು.

ಅವರು ಏನು ಹೊತ್ತುಕೊಂಡಿದ್ದರು ಎನ್ನುವುದು ಅವರು ಇಳಿಸಿದ ಮೇಲೆ ಗೊತ್ತಾಯಿತು. ಮಗ ಜೂನಿಯರ್ ಮಾರ್ಟಿನ್ ಮುಖ್ಯ ಕೋಚ್ ಆದರು. 2020 ಕೊರೊನಾದಿಂದ ಅರ್ಧಕ್ಕೆ ನಿಂತಿತು. 2021ರಲ್ಲಿ 31 ಗೆಲುವು, 2022ರಲ್ಲಿ 34. ಬೇರೆ ಕಾಲೇಜಿನಲ್ಲಾಗಿದ್ದರೆ ಇದು ಬಹಳ ಮರ್ಯಾದೆಯ ಫಲಿತಾಂಶ, ಎರಡೂ ವರ್ಷ ಟೂರ್ನಿಗೂ ಹೋಗಿದ್ದರು. ಇಲ್ಲಿ ಕೆಲಸ ಹೋಯಿತು. ಅಪ್ಪ ಬೆಳೆಸಿದ ಮಟ್ಟ ಮಗನನ್ನೇ ನುಂಗಿತು; ಆ ನಿರ್ಧಾರ ಅವಸರದ್ದು ಎಂದೇ ನನಗೆ ಇವತ್ತಿಗೂ ಅನಿಸುತ್ತದೆ. ನಂತರ ಬಂದವರು ಲಿಂಕ್ ಜ್ಯಾರೆಟ್, 1990ರ ದಶಕದ ಮೊದಲ ವರ್ಷಗಳಲ್ಲಿ ಮಾರ್ಟಿನ್ ಕೈಯಲ್ಲೇ ಶಾರ್ಟ್‌ಸ್ಟಾಪ್ ಆಡಿದವರು. ಅವರ ಮೊದಲ ವರ್ಷ, 2023ರಲ್ಲಿ, 23 ಗೆಲುವು, 31 ಸೋಲು. ಟೂರ್ನಿ ಇಲ್ಲ. ಮಾರ್ಟಿನ್ 40 ವರ್ಷದಲ್ಲಿ ಒಮ್ಮೆಯೂ ಕಾಣದ ಸೀಸನ್ ಅದು. ಒಳ್ಳೆಯ ಕೋಚ್, ಒಳ್ಳೆಯ ಮೈದಾನ, ಒಳ್ಳೆಯ ಹೆಸರು ಎಲ್ಲ ಇದ್ದೂ ತಂಡ ಒಂದು ವರ್ಷ ಹೀಗೆ ಕುಸಿಯುವುದು ಸಹಜ. ಸಹಜವಾದ ಆ ಕುಸಿತವನ್ನು 40 ವರ್ಷ ತಡೆದು ಹಿಡಿದಿದ್ದರಲ್ಲ, ಮೇಷ್ಟ್ರೇ, ನೀವು ಕೇಳಿದ 'ಹೇಗೆ'ಗೆ ನನ್ನ ಉತ್ತರ ಅದೇ.

ಕೊನೆಯ ವರ್ಷಗಳಲ್ಲಿ ಮಾರ್ಟಿನ್ ಅವರಿಗೆ ಮರೆವಿನ ಕಾಯಿಲೆ ಬಂತು. 2024ರ ಫೆಬ್ರವರಿ 1ರಂದು, 80 ತುಂಬಲು ಹನ್ನೊಂದು ದಿನ ಇರುವಾಗ ತೀರಿಕೊಂಡರು. ಅದೇ ತಿಂಗಳು ಹೊಸ ಸೀಸನ್ ಶುರುವಾಯಿತು. ಹಿಂದಿನ ವರ್ಷ 31 ಸೋತಿದ್ದ ಜ್ಯಾರೆಟ್ ತಂಡ ಆ ಜೂನ್‌ನಲ್ಲಿ ಓಮಾಹಾದಲ್ಲಿತ್ತು. ಟೆನೆಸಿ ಎದುರು ಸೋತು ಬಂದಿತು. ಫ್ಲಾರಿಡಾ ಸ್ಟೇಟ್‌ಗೆ ಆ ಕಪ್ ಇನ್ನೂ ಸಿಕ್ಕಿಲ್ಲ.

ಮುಂದಿನ ಸಲ ಮಗಳ ಮನೆಗೆ ಹೋಗುವುದಾದರೆ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹೋಗಿ. ಅಟ್ಲಾಂಟಾದಿಂದ ಟ್ಯಾಲಹಾಸಿ ಕಾರಿನಲ್ಲಿ ನಾಲ್ಕೂವರೆ ಗಂಟೆಯ ಹಾದಿ. ಮೊಮ್ಮಗನನ್ನು ಕರೆದುಕೊಂಡು ಶುಕ್ರವಾರದ ಪಂದ್ಯಕ್ಕೆ ಹೌಸರ್ ಕ್ರೀಡಾಂಗಣದಲ್ಲಿ ಕೂತುಕೊಳ್ಳಿ. ಅವತ್ತು ಎಸೆಯುವವನು ತಂಡದ ಶ್ರೇಷ್ಠ ಪಿಚರ್ ಆಗಿರುತ್ತಾನೆ. ಐದನೇ ಇನ್ನಿಂಗ್ಸ್ ನಡುವೆ ಪ್ರೇಕ್ಷಕರ ಗ್ಯಾಲರಿಯ 'ಸೆಕ್ಷನ್ ಬಿ'ಯ ಜನ ಎದ್ದು ನಿಂತು ಕೆನಡಾದ ರಾಷ್ಟ್ರಗೀತೆ ಹಾಡುತ್ತಾರೆ, ಅಚ್ಚರಿಪಡಬೇಡಿ, ಅದು ಅಲ್ಲಿನ ಹಳೆಯ ರೂಢಿ. ನೀವು ಮಾತ್ರ ಬ್ಯಾಟರ್‌ಗಳನ್ನು ನೋಡಿ. ಎಷ್ಟು ಕೆಟ್ಟ ಚೆಂಡುಗಳನ್ನು ಸುಮ್ಮನೆ ಬಿಡುತ್ತಾರೆ ಎಂದು ಎಣಿಸಿ, ಮೊಮ್ಮಗನಿಗೂ ಎಣಿಸಲು ಹೇಳಿ.